ಎಂಬತ್ತೊಕ್ಲು ಶಾಲೆ (ಯಾವುದು?)

ಜಿಲ್ಲಾ ವಿಶ್ವಕೋಶದಲ್ಲಿ ಶಾಲೆಗಳ ಪಾಲು ನನ್ನದು.
ಪೊನ್ನಂಪೇಟೆಯಲ್ಲಿ ಗ್ರಂಥಾಲಯದ ಹಿಂದಿನ ಕೋಣೆ,
ಒಂದು ಮೇಜು, ಎದುರಿಗೆ ಹಂಸ,
ಮೂವತ್ತು ವರ್ಷ ಅಂಚೆ ಹೊತ್ತವನು, ಈಗ ಕರಡು ತಿದ್ದುತ್ತಾನೆ.
'ಎ' ಅಕ್ಷರದಲ್ಲಿ ಸಿಕ್ಕಿಬಿದ್ದು ವಾರವಾಯಿತು.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಎಂಬತ್ತೊಕ್ಲು.
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಎಂಬತ್ತೊಕ್ಲು.

ಅಚ್ಚಿನ ತಪ್ಪಲ್ಲ. ಊರೇ ಎರಡು.
ಒಂದು ಇಲ್ಲೇ, ಗದ್ದೆಬಯಲಿನ ಅಂಚಿಗೆ,
ಇನ್ನೊಂದು ಸೋಮವಾರಪೇಟೆ ಕಡೆ, ಏಲಕ್ಕಿ ಮಲೆಯ ಬೆನ್ನಿಗೆ.
ಎರಡೂ ಕಡೆ ಎಣಿಸಿದರೆ ಎಂಬತ್ತು ಒಕ್ಕಲು ಸಿಗುವುದಿಲ್ಲ,
ಅದು ಬೇರೆ ಮಾತು.
ಮೂರನೆಯದೂ ಇತ್ತು, ಅನ್ನುತ್ತಾನೆ ಹಂಸ,
ತೋಟದ ಲೈನ್‌ಮನೆಯ ತುದಿಯ ಕೋಣೆಯಲ್ಲಿ, ಬೋರ್ಡಿಲ್ಲದ್ದು.
ಅದಕ್ಕೆ ಬಂದ ಕಾಗದ ಯಾರಿಗೆ ಕೊಡುತ್ತಿದ್ದೆ?
'ಮೇಷ್ಟ್ರಿಗೆ. ಅವರಿಲ್ಲದಿದ್ದರೆ ಗಂಟೆ ಹೊಡೆಯೋ ಹುಡುಗನಿಗೆ.'

ಇಲಾಖೆಯ ಸಂಖ್ಯೆ ಹಾಕಿಬಿಡಿ ಎಂದರು ಸಂಪಾದಕರು ಫೋನಿನಲ್ಲಿ.
ಹನ್ನೊಂದು ಅಂಕಿ, ಒಂದರಂತೆ ಇನ್ನೊಂದಿಲ್ಲ. ಸರಿಯೇ.
ಆದರೆ ಹನ್ನೊಂದು ಅಂಕಿಗೆ ಯಾವ ಮಗು
ಮಳೆಯಲ್ಲಿ ಗೊರಗ ಹೊದ್ದು ಓಡಿದೆ?
ಜಾಗ ಕೊಟ್ಟವರ ಮೊಮ್ಮಗ ಬಂದಿದ್ದ.
ತಾತನ ಹೆಸರು ಪೂರ್ತಿ ಇರಬೇಕು, ಬಿರುದು ಸಮೇತ.
ಬರೆದು ನೋಡಿದೆ, ಎರಡು ಸಾಲು ದಾಟಿತು.
ಹುಡುಕುವವರು ನಿಮ್ಮ ತಾತನನ್ನಲ್ಲ, ಶಾಲೆಯನ್ನು, ಎಂದೆ.
ಕಾಫಿ ಮುಟ್ಟದೆ ಎದ್ದು ಹೋದ.

'ಕಂಸ ಹಾಕಿ' ಎಂದ ಹಂಸ.
ಮಕ್ಕಳನ್ನು ಕೂಡಿಹಾಕಿದ ಆ ಮಾವನ ಹೆಸರು ನನಗೆ ಸೇರದು.
ವ್ಯಾಕರಣದಲ್ಲಿ ಇನ್ನೊಂದು ಹೆಸರಿದೆ, ಆವರಣ.
ಶಾಲೆಗೆ ಹೇಗೂ ಒಂದು ಆವರಣ ಬೇಕಲ್ಲ:
ಎರಡು ಬಾಗಿದ ಬೇಲಿ, ನಡುವೆ
ಒಂದೋ ಎರಡೋ ಪದ ಆಡುವಷ್ಟು ಜಾಗ.

ನಮ್ಮವರಿಗೆ ಇದು ಹೊಸತಲ್ಲ.
ಸಂತೆಯಲ್ಲಿ ಬೊಳ್ಳಮ್ಮಾ ಎಂದು ಕೂಗಿ, ಆರು ತಲೆ ತಿರುಗುತ್ತವೆ.
ನೆರಿಯಂಡ ಬೊಳ್ಳಮ್ಮ ಎನ್ನಿ, ನಾನೊಬ್ಬಳೇ.
ಮನೆಪೆದ ಮುಂದೆ, ಆಮೇಲೆ ಹೆಸರು.
ತಾಮನೆ ಕೊಪ್ಪಿರ, ಅದು ಈಗ ನನ್ನ ಆವರಣದೊಳಗೆ,
ಆಮಂತ್ರಣ ಪತ್ರಿಕೆಗಳಲ್ಲಿ ಮಾತ್ರ ಹೊರಗೆ ಇಣುಕುತ್ತದೆ.

ಎರವರ ಹಾಡಿಯ ಮಕ್ಕಳಿಗೆ ಏನಿತ್ತೋ, ಕೇಳಲಿಲ್ಲ ನಾನು.
ಹಾಜರಿ ಪುಸ್ತಕದಲ್ಲಿ ಬೊಳ್ಳಿ ಒಂದು, ಬೊಳ್ಳಿ ಎರಡು, ಬೊಳ್ಳಿ ಮೂರು.
ಕೆಂಪು ಶಾಯಿ. ಕೈ ನನ್ನದೇ.
ನನ್ನ ಹೆಸರಿನಲ್ಲೂ ಅದೇ ಬೆಳ್ಳಿ ಇದೆ ಎಂದು
ಅಂದು ತೋಚಿರಲಿಲ್ಲ.

ಬೊಳ್ಳಿ ಎರಡಕ್ಕೆ ಹಾಸ್ಟೆಲ್ ಸೀಟಿನ ಅರ್ಜಿ ನಾನೇ ಬರೆದೆ.
ವಿಳಾಸ: ಎಂಬತ್ತೊಕ್ಲು ಶಾಲೆ, ಕೊಡಗು.
ಅಷ್ಟು ಸಾಕೆನಿಸಿತ್ತು.
ತಾನು ನಿಂತ ನೆಲಕ್ಕೆ ಯಾರು ಆವರಣ ಹಾಕುತ್ತಾರೆ?
ಇನ್ನೊಂದೇ ತಾನೆ ಯಾವಾಗಲೂ 'ಇನ್ನೊಂದು'.
ಆದೇಶ ಏಲಕ್ಕಿ ಮಲೆ ಹತ್ತಿತು,
ಅಲ್ಲಿಯೂ ಒಬ್ಬಳು ಬೊಳ್ಳಿ ಇದ್ದಿರಬೇಕು.
ಸುತ್ತಿ ಬರುವಾಗ ಕಕ್ಕಡ ಕಳೆದಿತ್ತು.
ಸೀಟು ಹೋಗಿತ್ತು. ಬೊಳ್ಳಿಯೂ ಕಾಫಿ ಕಸಿಗೆ ಹೋಗಿದ್ದಳು.
ಆ ಲಕೋಟೆ ಕೊನೆಗೆ ತಂದವನು ಹಂಸ.
ಅವನಿಗೆ ನೆನಪಿಲ್ಲ ಎನ್ನುತ್ತಾನೆ. ಸುಳ್ಳು ಹೇಳಿದಾಗ
ಅವನು ಕನ್ನಡಕ ಒರೆಸುತ್ತಾನೆ.

ಕೊನೆಗೆ ಹೀಗೆ ಬರೆದೆವು:
ಎಂಬತ್ತೊಕ್ಲು ಶಾಲೆ (ಪೊನ್ನಂಪೇಟೆ).
ಎಂಬತ್ತೊಕ್ಲು ಶಾಲೆ (ಸೋಮವಾರಪೇಟೆ).
ಬರಿಯ ಎಂಬತ್ತೊಕ್ಲು ಶಾಲೆ ಎಂದು ಬಂದವರಿಗೆ
ಒಂದು ಕವಲುಪುಟ, ಕೈಮರದಂತೆ.
ನಮ್ಮದನ್ನು ಬೇಲಿಯಿಲ್ಲದೆ ಬಿಡುವ ಆಸೆಯನ್ನು
ಎರಡು ಸಲ ಹೊಡೆದು ಹಾಕಬೇಕಾಯಿತು.

ಉಳಿದದ್ದು ಮೂರನೆಯದು.
ದಾಖಲೆಯಲ್ಲಿ ಹೆಸರಿಲ್ಲ. ಓದಿದವರನ್ನೇ ಕೇಳೋಣ ಎಂದು ಹೋದೆವು.
ಬೊಳ್ಳಿ ಈಗ ಬಿಸಿಯೂಟದ ಅಡುಗೆಯವಳು,
ಸೌಟು ಹಿಡಿದೇ ಹೊರಗೆ ಬಂದಳು.
ನಾಲ್ಕರವರೆಗೆ ಲೈನ್‌ಮನೆಯಲ್ಲಿ ಓದಿದೆಯಲ್ಲ,
ಏನಂತ ಕರೀತಿದ್ರಿ ಅದನ್ನ?

'ಇಸ್ಕೂಲು.'

ಅಲ್ಲ ಬೊಳ್ಳಿ, ಬೇರೆ ಇಸ್ಕೂಲುಗಳಿಂದ ಗುರುತು ಹಿಡಿಯೋಕೆ?

ಸಾರು ಉಕ್ಕುವ ಸದ್ದಿಗೆ ಒಳಗೆ ತಿರುಗಿದಳು, ಅಲ್ಲಿಂದಲೇ ಕೂಗಿದಳು:
'ಬೇರೆ ಎಲ್ಲಿತ್ತು ಟೀಚರೇ?'